ಪಾಠದ ಮನೆಗೆ ಬೀಗದ ಕೈ ಯಾರ ಬಳಿ?

ಕಳೆದ ವರ್ಷ ಒಂದು ಸಂಜೆ ನಮ್ಮ ಪಕ್ಕದ ಬೀದಿಯ ಪರಿಚಿತರೊಬ್ಬರು ಬೇಸರದಿಂದ ಮನೆಗೆ ಬಂದರು. ಅವರ ಮಗಳು ತರಬೇತಿ ಕೇಂದ್ರವೊಂದಕ್ಕೆ ಹಣ ಕಟ್ಟಿ, ಕಂಪ್ಯೂಟರಿನ ಮೂಲಕವೇ ಎರಡು ವರ್ಷ ಅಕೌಂಟೆನ್ಸಿ ಕಲಿತಿದ್ದಳು. ಪಾಠ, ಟಿಪ್ಪಣಿ, ವಾರದ ಪರೀಕ್ಷೆ, ಅಧ್ಯಾಪಕರು ತಿದ್ದಿಕೊಟ್ಟ ಉತ್ತರ, ಅಂಕ ಎಲ್ಲವೂ ಅಲ್ಲೇ ಇದ್ದವು. ಒಂದು ದಿನ ಕೇಂದ್ರದವರು ತಾವು ಬಳಸುತ್ತಿದ್ದ ತಂತ್ರಾಂಶವನ್ನು ಬದಲಿಸಿದರು. ಮರುದಿನ ಹುಡುಗಿ ತನ್ನ ಹೆಸರು, ಗುಪ್ತಪದ ಒತ್ತಿದರೆ ಪರದೆಯ ಮೇಲೆ ಏನೂ ಇಲ್ಲ.

"ನೋಡಿ ಸಾರ್, ಕೇಳಿದರೆ ಹಳೇ ಕಂಪನಿಯ ಜೊತೆ ಒಪ್ಪಂದ ಮುಗೀತು ಅಂತಾರೆ. ಎರಡು ವರ್ಷದ ಓದು ಎಲ್ಲಿ ಹೋಯ್ತು ಅಂದ್ರೆ ಅವರಿಗೂ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಟ್ರಂಕಿನಲ್ಲಾದರೂ ಇರುತ್ತಿತ್ತು" ಎಂದರು ಆ ತಂದೆ.

ಆ ಮಾತು ನಿಜ. ಮಕ್ಕಳನ್ನು ಶಾಲೆಗೋ ಕಾಲೇಜಿಗೋ ಸೇರಿಸುವಾಗ ನಾವು ಕಟ್ಟಡ ನೋಡುತ್ತೇವೆ, ಪ್ರಯೋಗಾಲಯ ನೋಡುತ್ತೇವೆ, ಫಲಿತಾಂಶ ವಿಚಾರಿಸುತ್ತೇವೆ. ಬಸ್ಸು ಎಷ್ಟು ಗಂಟೆಗೆ ಬರುತ್ತದೆಂದೂ ಕೇಳುತ್ತೇವೆ. ಆದರೆ 2020ರ ಲಾಕ್‌ಡೌನ್ ನಂತರ ಪಾಠದ ಒಂದು ದೊಡ್ಡ ಭಾಗ ಕಂಪ್ಯೂಟರಿಗೆ, ಮೊಬೈಲಿಗೆ ಹೋಗಿ ಕುಳಿತಿದೆ. ಆ ಪಾಠ ನಡೆಯುವ 'ಮನೆ' ಯಾರದು, ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವವರು ಎಷ್ಟು ಮಂದಿ?

ಏನಿದು ಕಲಿಕಾ ನಿರ್ವಹಣೆ?

ಈ ಮನೆಗೆ ಇಂಗ್ಲಿಷಿನಲ್ಲಿ ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಚಿಕ್ಕದಾಗಿ ಎಲ್.ಎಂ.ಎಸ್. ಎಂದು ಹೆಸರು. ಕನ್ನಡದಲ್ಲಿ ಕಲಿಕಾ ನಿರ್ವಹಣಾ ತಂತ್ರಾಂಶ ಎನ್ನಬಹುದು. ಜೂಮ್‌ನಂಥ ಸಾಧನದಲ್ಲಿ ಅಧ್ಯಾಪಕರ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ತರಗತಿ ಮುಗಿದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ವಾಟ್ಸ್‌ಆಪ್ ಗುಂಪಿನಲ್ಲಿ ಟಿಪ್ಪಣಿ ಹಾಕಿದರೆ ನಾಳೆ ನೂರು ಶುಭೋದಯಗಳ ಕೆಳಗೆ ಅದು ಹೂತುಹೋಗುತ್ತದೆ. ಕಲಿಕಾ ನಿರ್ವಹಣಾ ತಂತ್ರಾಂಶ ಹಾಗಲ್ಲ. ಅದು ಹಾಜರಿ ಪುಸ್ತಕ, ಪಾಠದ ಕಪಾಟು, ಮನೆಗೆಲಸದ ಪೆಟ್ಟಿಗೆ, ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಚರ್ಚೆಯ ಜಗಲಿ ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟುಕೊಂಡ ವ್ಯವಸ್ಥೆ. ಯಾವ ವಿದ್ಯಾರ್ಥಿ ಯಾವ ಪಾಠ ಓದಿದ, ಎಲ್ಲಿ ಎಡವಿದ, ಎರಡನೇ ಸಲ ಸರಿ ಮಾಡಿದನೇ ಎಂಬುದೂ ಅಲ್ಲಿ ದಾಖಲಾಗುತ್ತದೆ.

ಇಂಥ ತಂತ್ರಾಂಶಗಳಲ್ಲಿ ಎರಡು ಜಾತಿ. ಒಂದು, ಕಂಪನಿಯೊಂದು ತಯಾರಿಸಿ ಬಾಡಿಗೆಗೆ ಕೊಡುವಂಥದ್ದು. ವರ್ಷಕ್ಕೆ ಇಂತಿಷ್ಟು, ಒಬ್ಬ ವಿದ್ಯಾರ್ಥಿಗೆ ಇಂತಿಷ್ಟು ಎಂದು ಹಣ ಕಟ್ಟಬೇಕು. ಅದರ ಒಳಗೆ ಏನಿದೆ ಎಂದು ಬಿಚ್ಚಿ ನೋಡುವಂತಿಲ್ಲ. ಇನ್ನೊಂದು, ಮುಕ್ತ ತಂತ್ರಾಂಶ. ಓಪನ್ ಸೋರ್ಸ್ ಎನ್ನುತ್ತಾರಲ್ಲ, ಅದು. ಅದನ್ನು ಬರೆದ ಮೂಲ ಸಂಕೇತಗಳು ಎಲ್ಲರಿಗೂ ತೆರೆದಿರುತ್ತವೆ. ಯಾರು ಬೇಕಾದರೂ ಬಳಸಬಹುದು, ಹೇಗೆ ಕೆಲಸ ಮಾಡುತ್ತದೆಂದು ಓದಿ ತಿಳಿಯಬಹುದು, ತಮಗೆ ಬೇಕಾದಂತೆ ತಿದ್ದಬಹುದು, ತಿದ್ದಿದ್ದನ್ನು ಇತರರಿಗೂ ಹಂಚಬಹುದು. ಹೋಟೆಲಿನಲ್ಲಿ ತಟ್ಟೆಗೆ ಬಂದ ಸಾರನ್ನು ಉಣ್ಣುವುದಕ್ಕೂ, ಆ ಸಾರು ಮಾಡುವ ಬಗೆಯನ್ನೇ ಬರೆದುಕೊಂಡು ಮನೆಗೆ ತರುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು.

ಮರಳುಗಾಡಿನ ಹುಡುಗನ ಕೊಡುಗೆ

ಮುಕ್ತ ಕಲಿಕಾ ತಂತ್ರಾಂಶಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು ಮೂಡಲ್. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ.

ಆಸ್ಟ್ರೇಲಿಯಾದ ಒಳನಾಡು ವಿಶಾಲವಾದ ಬಂಜರು ಪ್ರದೇಶ. ಒಂದು ಮನೆಯಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್. ಅಲ್ಲಿನ ಮಕ್ಕಳಿಗೆ ಶಾಲೆ ಎಲ್ಲಿಂದ ಬರಬೇಕು? 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬಲ್ಲಿ 'ಸ್ಕೂಲ್ ಆಫ್ ದಿ ಏರ್', ಅಂದರೆ ಗಾಳಿಯ ಮೇಲಿನ ಶಾಲೆ ಆರಂಭವಾಯಿತು. ಶಿಕ್ಷಕರು ಶಾರ್ಟ್‌ವೇವ್ ರೇಡಿಯೋದಲ್ಲಿ ಪಾಠ ಹೇಳುತ್ತಿದ್ದರು. ದೂರದ ಮನೆಗಳಿಂದ ಮಕ್ಕಳು ರೇಡಿಯೋದಲ್ಲೇ ಉತ್ತರ ಕೊಡುತ್ತಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ವಾರ್ಬರ್ಟನ್ ಎಂಬ ದೂರದ ನೆಲೆಯಲ್ಲಿ ಬೆಳೆದ ಮಾರ್ಟಿನ್ ಡೂಗಿಯಾಮಸ್ ಎಂಬ ಹುಡುಗ ಇಂಥದೇ ರೇಡಿಯೋ ಶಾಲೆಯಲ್ಲಿ ಕಲಿತವನು.

ಮುಂದೆ ಅವರು ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಆಗಿನ ಪ್ರಸಿದ್ಧ ವಾಣಿಜ್ಯ ತಂತ್ರಾಂಶವಾದ ವೆಬ್‌ಸಿಟಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅದು ಅವರಿಗೆ ತೃಪ್ತಿ ಕೊಡಲಿಲ್ಲ. ಪಾಠವನ್ನು ಒಬ್ಬರು ಸುರಿಯುವುದು, ಇನ್ನೊಬ್ಬರು ತುಂಬಿಕೊಳ್ಳುವುದು ಕಲಿಕೆಯಲ್ಲ. ಜೊತೆಯಾಗಿ ಚರ್ಚಿಸುತ್ತ, ಮಾಡುತ್ತ ಕಲಿಯುವುದೇ ಕಲಿಕೆ ಎಂಬುದು ಅವರು ಅಧ್ಯಯನ ಮಾಡುತ್ತಿದ್ದ ಶಿಕ್ಷಣ ಸಿದ್ಧಾಂತ. ಅದಕ್ಕೆ ತಕ್ಕಂತೆ ತಾವೇ ಬರೆದ ತಂತ್ರಾಂಶದ ಮೊದಲ ಆವೃತ್ತಿಯನ್ನು 2002ರ ಆಗಸ್ಟ್ 20ರಂದು ಜಗತ್ತಿಗೆ ಮುಕ್ತವಾಗಿ ಬಿಟ್ಟರು. ಅದೇ ಮೂಡಲ್. ಇಂದು ಒಂದು ಲಕ್ಷಕ್ಕೂ ಹೆಚ್ಚು ನೋಂದಾಯಿತ ತಾಣಗಳಲ್ಲಿ ಅದು ಕೆಲಸ ಮಾಡುತ್ತಿದೆ. ದೂರಶಿಕ್ಷಣಕ್ಕೆ ಹೆಸರಾದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 2005ರಲ್ಲೇ ಇದನ್ನು ಆರಿಸಿಕೊಂಡಿತು. ಹತ್ತು ಮಕ್ಕಳ ಮನೆಪಾಠದವರೂ ಅದೇ ಮೂಡಲನ್ನು ಒಂದು ಕಾಸು ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು.

ಮಾಲೀಕ ಬದಲಾದರೆ?

'ಮುಕ್ತವಾಗಿದ್ದರೇನು, ಮುಚ್ಚಿದ್ದರೇನು, ಪಾಠ ಸಿಕ್ಕರೆ ಸಾಲದೇ?' ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಎರಡು ಘಟನೆಗಳೇ ಉತ್ತರ ಹೇಳುತ್ತವೆ.

ಮೊದಲನೆಯದು ಒಂದು ಮೊಕದ್ದಮೆ. ಅಮೆರಿಕದ ಬ್ಲ್ಯಾಕ್‌ಬೋರ್ಡ್ ಎಂಬ ದೊಡ್ಡ ಕಂಪನಿಗೆ 2006ರ ಜನವರಿಯಲ್ಲಿ ಕಲಿಕಾ ತಂತ್ರಾಂಶದ ಬಗ್ಗೆ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಜುಲೈನಲ್ಲಿ ಅದು ತನ್ನ ಪ್ರತಿಸ್ಪರ್ಧಿಯಾದ ಕೆನಡಾದ ಡಿಸೈರ್‌ಟುಲರ್ನ್ ಕಂಪನಿಯ ಮೇಲೆ ದಾವೆ ಹೂಡಿತು. ಒಬ್ಬನೇ ವ್ಯಕ್ತಿ ಒಂದು ಪಾಠದಲ್ಲಿ ಅಧ್ಯಾಪಕನೂ ಇನ್ನೊಂದರಲ್ಲಿ ವಿದ್ಯಾರ್ಥಿಯೂ ಆಗುವಂಥ ಏರ್ಪಾಟು ತನ್ನ ಆವಿಷ್ಕಾರ ಎಂಬಂತಿತ್ತು ಅದರ ವಾದ. ಜಗತ್ತಿನ ನಾನಾ ಕಡೆಯ ಅಧ್ಯಾಪಕರು, ತಂತ್ರಜ್ಞರು ಎದ್ದು ಕುಳಿತರು. ಇಂಥ ವ್ಯವಸ್ಥೆಗಳು ಅದಕ್ಕೂ ಎಷ್ಟೋ ಮೊದಲೇ ಇದ್ದವೆಂದು ತೋರಿಸುವ ದಾಖಲೆಗಳನ್ನು ಒಟ್ಟುಗೂಡಿಸಿದರು. ಟೀಕೆ ಹೆಚ್ಚಿದಾಗ, 2007ರಲ್ಲಿ, ಮುಕ್ತ ತಂತ್ರಾಂಶಗಳ ವಿರುದ್ಧ ಪೇಟೆಂಟನ್ನು ಬಳಸುವುದಿಲ್ಲವೆಂದು ಬ್ಲ್ಯಾಕ್‌ಬೋರ್ಡ್ ಮಾತು ಕೊಟ್ಟಿತು. ಕೊನೆಗೆ 2009ರಲ್ಲಿ ಮೇಲ್ಮನವಿ ನ್ಯಾಯಾಲಯ, ವಿವಾದಕ್ಕೆ ಕಾರಣವಾದ ಆ ಹಕ್ಕುಗಳು ಊರ್ಜಿತವಲ್ಲ ಎಂದಿತು. ಕಲಿಕೆಯ ಸಾಧನ ಒಬ್ಬರ ಸೊತ್ತಾದರೆ ಏನಾಗಬಹುದು ಎಂಬುದರ ರುಚಿ ಅಧ್ಯಾಪಕರಿಗೆ ಆಗ ಸಿಕ್ಕಿತು.

ಎರಡನೆಯದರಲ್ಲಿ ನಮ್ಮ ಕರಾವಳಿಯ ನಂಟಿದೆ. ಮಂಗಳೂರಿನಲ್ಲಿ ಬೆಳೆದು, ಸೇಂಟ್ ಅಲೋಶಿಯಸ್‌ನಲ್ಲಿ ಓದಿ, ಮದರಾಸಿನ ಐ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು ಅನಂತ್ ಅಗರ್ವಾಲ್. ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದ ಅವರು 2012ರಲ್ಲಿ ವಿದ್ಯುನ್ಮಂಡಲಗಳ ಬಗ್ಗೆ ಒಂದು ಉಚಿತ ಆನ್‌ಲೈನ್ ಪಾಠ ಏರ್ಪಡಿಸಿದರು. ಸುಮಾರು 1,55,000 ಜನ ಹೆಸರು ನೋಂದಾಯಿಸಿದರು! ಕೊನೆಯವರೆಗೆ ಓದಿ ಪಾಸಾದವರು ಸುಮಾರು ಏಳು ಸಾವಿರ. ಅದೇ ವರ್ಷ ಎಂ.ಐ.ಟಿ. ಮತ್ತು ಹಾರ್ವರ್ಡ್ ಸೇರಿ ಎಡ್‌ಎಕ್ಸ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದವು. ಅಗರ್ವಾಲ್ ಅದರ ಮುಖ್ಯಸ್ಥರಾದರು. 2013ರ ಜೂನ್‌ನಲ್ಲಿ ಅದರ ತಂತ್ರಾಂಶವನ್ನು 'ಓಪನ್ ಎಡ್‌ಎಕ್ಸ್' ಎಂಬ ಹೆಸರಿನಲ್ಲಿ ಮುಕ್ತಗೊಳಿಸಲಾಯಿತು. ನಮ್ಮ ಐ.ಐ.ಟಿ. ಬಾಂಬೆಯ ಆನ್‌ಲೈನ್ ಪಾಠಗಳ ತಾಣ ಕಟ್ಟಿದ್ದೂ ಇದರ ಮೇಲೆಯೇ.

2021ರಲ್ಲಿ ಎಡ್‌ಎಕ್ಸ್ ಅನ್ನು ಟುಯು ಎಂಬ ಖಾಸಗಿ ಕಂಪನಿಗೆ 80 ಕೋಟಿ ಡಾಲರಿಗೆ ಮಾರಲಾಯಿತು. ಕೊಂಡ ಕಂಪನಿ ಸಾಲದ ಹೊರೆಯಿಂದ 2024ರ ಜುಲೈನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲು ತಟ್ಟಿತು. ಆದರೆ ಓಪನ್ ಎಡ್‌ಎಕ್ಸ್ ತಂತ್ರಾಂಶದ ಮೇಲೆ ಶಾಲೆ ಕಟ್ಟಿಕೊಂಡಿದ್ದವರ ಪಾಠ ನಿಲ್ಲಲಿಲ್ಲ. ಏಕೆಂದರೆ ಮಾರಾಟವಾದದ್ದು ಅಂಗಡಿ; ತಂತ್ರಾಂಶದ ಉಸ್ತುವಾರಿ ಹಾರ್ವರ್ಡ್, ಎಂ.ಐ.ಟಿ.ಗಳ ಲಾಭರಹಿತ ಸಂಸ್ಥೆಯ ಬಳಿಯೇ ಉಳಿದಿತ್ತು. ಅದೂ ಅಲ್ಲದೆ, ಅದರ ಪ್ರತಿಯನ್ನು ಇಟ್ಟುಕೊಳ್ಳುವ, ತಿದ್ದುವ ಹಕ್ಕು ಜಗತ್ತಿನ ಎಲ್ಲರಿಗೂ ಇತ್ತು. ನಮ್ಮ ಪರಿಚಿತರ ಮಗಳಿಗೆ ಸಿಗದೇ ಹೋದದ್ದು ಈ ಭದ್ರತೆ.

ಪುಕ್ಕಟೆ ಅಲ್ಲ, ಸ್ವಂತ ಬಾವಿ

ಹಾಗೆಂದು ಮುಕ್ತ ತಂತ್ರಾಂಶ ಎಂದರೆ ಖರ್ಚೇ ಇಲ್ಲ ಎಂದುಕೊಂಡರೆ ತಪ್ಪು. ಅದು ಸ್ವಂತ ಬಾವಿಯಂತೆ. ಟ್ಯಾಂಕರಿನವನ ಹಂಗಿಲ್ಲ, ನಿಜ. ಆದರೆ ಕಾಲಕಾಲಕ್ಕೆ ಹೂಳೆತ್ತಬೇಕು, ಹಗ್ಗ ಬದಲಿಸಬೇಕು, ಕಟ್ಟೆ ಒಡೆದರೆ ನಾವೇ ಕಟ್ಟಿಸಬೇಕು.

ಪಾಠಗಳನ್ನು ಇಟ್ಟುಕೊಂಡು ಕೇಳಿದವರಿಗೆ ಒದಗಿಸಲು ಸರ್ವರ್ ಎಂಬ ಕಂಪ್ಯೂಟರ್ ಬೇಕು. ಒಂದು ಜಿ.ಬಿ. ಸ್ಮರಣೆಗೆ ಏಕಕಾಲದಲ್ಲಿ 10ರಿಂದ 20 ಬಳಕೆದಾರರು ಎಂಬುದು ಮೂಡಲ್‌ನವರೇ ಕೊಡುವ ಸ್ಥೂಲ ಲೆಕ್ಕ. ಈಗ ಒಂದು ಕಾಲೇಜಿನಲ್ಲಿ 120 ವಿದ್ಯಾರ್ಥಿಗಳಿದ್ದಾರೆ ಎನ್ನೋಣ. ಅವರು ಬೇರೆಬೇರೆ ಹೊತ್ತಿನಲ್ಲಿ ಪಾಠ ಓದುವುದಾದರೆ ಸಣ್ಣ ಸರ್ವರೂ ಸಾಕು. ಆದರೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಎಲ್ಲರೂ ಪರೀಕ್ಷೆಗೆ ಕುಳಿತರೆ 6ರಿಂದ 12 ಜಿ.ಬಿ. ಬೇಕಾಗುತ್ತದೆ. ಈ ಲೆಕ್ಕ ಹಾಕದೆ ಪರೀಕ್ಷೆ ಇಟ್ಟರೆ ಪರದೆ ಅಲ್ಲೇ ನಿಲ್ಲುತ್ತದೆ. ಮಕ್ಕಳು ಕಣ್ಣೀರಿಡುತ್ತಾರೆ, ತಂತ್ರಾಂಶಕ್ಕೆ ಬೈಗುಳ ಬೀಳುತ್ತದೆ. ದೋಷ ಇದ್ದದ್ದು ಸಿದ್ಧತೆಯಲ್ಲಿ.

ಸುರಕ್ಷತೆಯ ಮಾತೂ ಹೀಗೆಯೇ. ಮೂಡಲ್‌ನ ಸಾಮಾನ್ಯ ಆವೃತ್ತಿಗೆ ಸುರಕ್ಷತಾ ತೇಪೆಗಳು ಸಿಗುವುದು ಒಂದೂವರೆ ವರ್ಷ. ದೀರ್ಘಾವಧಿ ಬೆಂಬಲದ ಆವೃತ್ತಿಗೆ ಮೂರು ವರ್ಷ. ಆಮೇಲೆ ಹೊಸ ಆವೃತ್ತಿಗೆ ಏರಲೇಬೇಕು. ಐದು ವರ್ಷದ ಹಿಂದೆ ಯಾರೋ ಉತ್ಸಾಹಿ ಉಪನ್ಯಾಸಕರು ಹಾಕಿಕೊಟ್ಟದ್ದನ್ನು ಹಾಗೆಯೇ ಓಡಿಸುತ್ತಿರುವ ಸಂಸ್ಥೆ ಬಾಗಿಲಿಗೆ ಚಿಲಕವಿಲ್ಲದ ಮನೆಯಲ್ಲಿದೆ ಎಂದೇ ಅರ್ಥ.

ಇದಕ್ಕೆ ಹತ್ತಿರದ ಉದಾಹರಣೆಯೂ ಇದೆ. ಮಕ್ಕಳ ಪಠ್ಯಪುಸ್ತಕಗಳಲ್ಲಿ ಕಾಣುವ ಚೌಕಾಕಾರದ ಕ್ಯೂಆರ್ ಸಂಕೇತಗಳನ್ನು ನೀವು ನೋಡಿರುತ್ತೀರಿ. ಅವು ಕರೆದೊಯ್ಯುವುದು 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ದೀಕ್ಷಾ ತಾಣಕ್ಕೆ. ಅದರ ತಳಪಾಯ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶ; ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದ ಕೊಡುಗೆ. ನಮ್ಮೂರಿನಲ್ಲೇ ತಯಾರಾದ ಮುಕ್ತ ತಂತ್ರಾಂಶ ದೇಶದ ಮಕ್ಕಳಿಗೆ ಪಾಠ ಒದಗಿಸುತ್ತಿರುವುದು ಹೆಮ್ಮೆಯ ವಿಷಯ. ಆದರೆ ಆ ತಾಣದ ದತ್ತಾಂಶ ಇಟ್ಟಿದ್ದ ಸರ್ವರೊಂದಕ್ಕೆ ಸರಿಯಾದ ಕಾವಲಿಲ್ಲದೆ, ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ವಿವರಗಳು ಹೊರಗಿನವರಿಗೆ ಕಾಣುವಂತಿದ್ದವು ಎಂಬ ವರದಿ 2023ರ ಜನವರಿಯಲ್ಲಿ ಬಂತು. ಮೂಲ ಸಂಕೇತ ತೆರೆದಿರುವುದು ಒಳ್ಳೆಯದು. ಮಕ್ಕಳ ಹೆಸರು, ದೂರವಾಣಿ ಸಂಖ್ಯೆ ತೆರೆದಿರುವುದು ಒಳ್ಳೆಯದಲ್ಲ. ಈ ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ಯಾರಿಗೆ ಯಾವುದು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಇಲ್ಲಿ ಬಹಳ ಉಪಯುಕ್ತ.

ಒಂದು ಶಾಲೆ, ಪದವಿ ಕಾಲೇಜು ಅಥವಾ ತರಬೇತಿ ಕೇಂದ್ರಕ್ಕೆ ಮೂಡಲ್ ಒಗ್ಗುತ್ತದೆ. ತರಗತಿ, ಮನೆಗೆಲಸ, ಕಿರುಪರೀಕ್ಷೆ, ಅಂಕ, ಚರ್ಚೆ ಇವೇ ಅದರ ಬಲ. ಬಹಳ ವರ್ಷಗಳಿಂದ ಬಳಕೆಯಲ್ಲಿರುವುದರಿಂದ ತಿಳಿದವರು ಸಿಗುತ್ತಾರೆ. ಅದರ ಮೊಬೈಲ್ ಆಪ್‌ನಲ್ಲಿ ಪಾಠವನ್ನು ಇಳಿಸಿಟ್ಟುಕೊಂಡು, ಜಾಲ ಸಿಗದಾಗಲೂ ಓದಬಹುದು. ಮಲೆನಾಡಿನ ಮಳೆಗಾಲದಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಮೊದಲ ನೋಟಕ್ಕೆ ಗುಂಡಿಗಳ ಜಾತ್ರೆಯಂತೆ ಕಾಣುವುದು ಅದರ ಕೊರತೆ. ಅಧ್ಯಾಪಕರಿಗೆ ಸ್ವಲ್ಪ ತರಬೇತಿ ಬೇಕು.

ಸಾವಿರಾರು ಜನ ತಮ್ಮ ಪಾಡಿಗೆ ತಾವು ವಿಡಿಯೋ ನೋಡಿ, ಅಭ್ಯಾಸ ಮಾಡಿ ಕಲಿಯುವ ಪಾಠಗಳಿಗೆ ಓಪನ್ ಎಡ್‌ಎಕ್ಸ್ ಸರಿ. ಆದರೆ ಇದು ಭಾರಿ ಯಂತ್ರ. ಸುಮ್ಮನೆ ಹಾಕಿ ನೋಡಲಿಕ್ಕೇ 4 ಜಿ.ಬಿ. ಸ್ಮರಣೆ ಬೇಕು, 8 ಇದ್ದರೆ ಲೇಸು. ನೋಡಿಕೊಳ್ಳಲು ಪಳಗಿದ ಕೈ ಬೇಕು.

ಕ್ಯಾನ್ವಾಸ್ ಎಂಬುದು ನೋಡಲು ಅಚ್ಚುಕಟ್ಟು. ಅದರ ಮೂಲ ಸಂಕೇತವನ್ನು 2011ರಲ್ಲಿ ಮುಕ್ತಗೊಳಿಸಲಾಯಿತು. ಆದರೆ ಕಂಪನಿ ತಾನೇ ನಡೆಸಿಕೊಡುವ ಸೇವೆಯಲ್ಲಿರುವ ಕೆಲವು ಸೌಲಭ್ಯಗಳು ಮುಕ್ತ ಪ್ರತಿಯಲ್ಲಿ ಇರುವುದಿಲ್ಲ. ಇದನ್ನು ಮೊದಲೇ ತಿಳಿದಿರಬೇಕು.

ಇನ್ನು, ಇಪ್ಪತ್ತು ಮಕ್ಕಳ ಮನೆಪಾಠಕ್ಕೆ, ವಾರಕ್ಕೆ ಎರಡು ಟಿಪ್ಪಣಿ ಹಂಚುವುದಕ್ಕೆ ಇವು ಯಾವುವೂ ಬೇಕಿಲ್ಲದಿರಬಹುದು. ಬೆಲ್ಲ ಕುಟ್ಟಲು ಸುತ್ತಿಗೆ ಸಾಕು, ಬುಲ್ಡೋಜರ್ ಏಕೆ? ಆಗಲೂ ಒಂದು ಮಾತು ನೆನಪಿರಲಿ: ಟಿಪ್ಪಣಿಗಳ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.

ಶುಲ್ಕ ಕಟ್ಟುವ ಮುನ್ನ ಕೇಳಿ

ತಂತ್ರಾಂಶ ಆರಿಸುವವರು ಸಂಸ್ಥೆಯವರು, ನಾವೇನು ಮಾಡಲು ಸಾಧ್ಯ ಎಂದು ಪೋಷಕರು ಕೈಚೆಲ್ಲಬೇಕಾಗಿಲ್ಲ. ಪೋಷಕರ ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಲು ಕಂಪ್ಯೂಟರ್ ಪಾಂಡಿತ್ಯವೇನೂ ಬೇಕಿಲ್ಲ.

1. ಪಾಠಗಳು, ಅಂಕಗಳು, ಮಕ್ಕಳ ಉತ್ತರಗಳು ಯಾರ ಸರ್ವರಿನಲ್ಲಿವೆ? ಸಂಸ್ಥೆಯದೋ, ಬೇರೆ ಕಂಪನಿಯದೋ?

2. ತಂತ್ರಾಂಶ ಬದಲಾದರೆ, ಕಂಪನಿ ಮುಚ್ಚಿದರೆ ಹಳೆಯ ದಾಖಲೆ ಹೊರಗೆ ತರಲು ಬರುತ್ತದೆಯೇ? ಮೂಡಲ್‌ನಲ್ಲಿ ಇಡೀ ಪಾಠವನ್ನು ಒಂದು ಕಡತವಾಗಿ ಇಳಿಸಿಕೊಂಡು ಇನ್ನೊಂದು ಮೂಡಲ್‌ಗೆ ಸೇರಿಸಬಹುದು. ಅಂಕಪಟ್ಟಿಯನ್ನು ಪ್ರತ್ಯೇಕವಾಗಿ ತೆಗೆಯಬಹುದು. ಇಂಥ ದಾರಿ ಇದೆಯೇ ಎಂದು ಕೇಳಿ. 'ಇದೆ' ಎಂದರೆ, ಒಮ್ಮೆ ಮಾಡಿ ತೋರಿಸಿ ಎನ್ನಿ.

3. ಬ್ಯಾಕಪ್, ಅಂದರೆ ಮೀಸಲು ಪ್ರತಿ, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ? ಅದನ್ನು ಬೇರೆ ಜಾಗದಲ್ಲಿ ಇಡುತ್ತೀರಾ?

4. ಇದನ್ನು ನೋಡಿಕೊಳ್ಳುವವರು ಯಾರು? ಅವರು ಕೆಲಸ ಬಿಟ್ಟರೆ ಮುಂದೆ ಯಾರು?

5. ಸಾಧಾರಣ ಮೊಬೈಲಿನಲ್ಲಿ, ನಿಧಾನವಾದ ಜಾಲದಲ್ಲಿ ನಡೆಯುತ್ತದೆಯೇ? ದೃಷ್ಟಿ ಮಂದವಾದ ಮಕ್ಕಳಿಗೆ ಪರದೆ ಓದಿ ಹೇಳುವ ಸಾಧನದ ಜೊತೆ ಹೊಂದುತ್ತದೆಯೇ? ಕನ್ನಡದಲ್ಲಿ ಬರೆದರೆ ಅಕ್ಷರ ಸರಿಯಾಗಿ ಮೂಡುತ್ತದೆಯೇ?

6. ಮಗುವಿನ ಯಾವ ಯಾವ ವಿವರ ಸಂಗ್ರಹಿಸುತ್ತೀರಿ, ಏಕೆ? 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಪಡೆಯಬೇಕೆಂಬುದು ಆ ಕಾಯ್ದೆಯ ಸಾಮಾನ್ಯ ನಿಯಮ.

ಇವಕ್ಕೆ ಸಮಾಧಾನದಿಂದ ಉತ್ತರ ಕೊಡುವ ಸಂಸ್ಥೆ ಬಾಡಿಗೆ ತಂತ್ರಾಂಶ ಬಳಸುತ್ತಿದ್ದರೂ ಚಿಂತೆಯಿಲ್ಲ. ಉತ್ತರವಿಲ್ಲದ ಸಂಸ್ಥೆ ಮುಕ್ತ ತಂತ್ರಾಂಶ ಬಳಸುತ್ತಿದ್ದರೂ ಜೋಪಾನ.

ವಿದ್ಯಾರ್ಥಿಗಳಿಗೆ ಒಂದು ಮಾತು

ಮುಕ್ತ ತಂತ್ರಾಂಶದಿಂದ ವಿದ್ಯಾರ್ಥಿಗಳಿಗೆ ಇನ್ನೊಂದು ಲಾಭವಿದೆ. ಬಾಡಿಗೆ ತಂತ್ರಾಂಶದಲ್ಲಿ ನೀವು ಬರೇ ಬಳಕೆದಾರರು. ಇಲ್ಲಿ ಮಾತ್ರ ಒಳಗೆ ಇಣುಕಬಹುದು. ಮನೆಯ ಅಥವಾ ಕಾಲೇಜಿನ ಕಂಪ್ಯೂಟರಿನಲ್ಲಿ ಮೂಡಲನ್ನು ಹಾಕಿಕೊಂಡು ನೋಡಿ. ಅದು ಪಿ.ಎಚ್.ಪಿ. ಎಂಬ ಭಾಷೆಯಲ್ಲಿದೆ, ಮಾಹಿತಿಯನ್ನು ದತ್ತಸಂಚಯದಲ್ಲಿ ಜೋಡಿಸಿಡುತ್ತದೆ. ಎರಡನ್ನೂ ಪುಸ್ತಕದಲ್ಲಿ ಓದುವುದಕ್ಕಿಂತ, ನಡೆಯುತ್ತಿರುವ ಒಂದು ದೊಡ್ಡ ತಂತ್ರಾಂಶದೊಳಗೆ ನೋಡಿದರೆ ಬೇಗ ತಲೆಗೆ ಹತ್ತುತ್ತದೆ. ನಿಮ್ಮ ತಂಗಿಗೋ ತಮ್ಮನಿಗೋ ಮಗ್ಗಿಯ ಹತ್ತು ಪ್ರಶ್ನೆಗಳ ಪರೀಕ್ಷೆ ತಯಾರಿಸಿ. ಅದು ಕೆಡುತ್ತದೆ, ಸರಿಪಡಿಸಿ. ಕೈ ಕೆಸರಾದರೆ ಬಾಯಿ ಮೊಸರು. ಸರ್ವರ್ ನೋಡಿಕೊಳ್ಳಲು ಬಲ್ಲವರಿಗೆ ಕಾಲೇಜುಗಳಲ್ಲಿಯೂ ಕಂಪನಿಗಳಲ್ಲಿಯೂ ಕೆಲಸವಿದೆ.

ಕಂಪ್ಯೂಟರ್ ಭಾಷೆ ಒಗ್ಗದವರಿಗೂ ಕೆಲಸವಿದೆ. ಮೂಡಲ್‌ನ ಪರದೆಯ ಮೇಲಿನ ಮಾತುಗಳನ್ನು ಬೇರೆಬೇರೆ ಭಾಷೆಗಳಿಗೆ ತಂದವರಲ್ಲಿ ಸ್ವಯಂಸೇವಕರೇ ಹೆಚ್ಚು. ಆ ಪಟ್ಟಿಯಲ್ಲಿ ಕನ್ನಡವೂ ಇದೆ. 'ಸಬ್‌ಮಿಟ್' ಎಂಬಲ್ಲಿ 'ಒಪ್ಪಿಸಿ' ಎಂದಿದ್ದರೆ ಹಳ್ಳಿಯ ಶಾಲೆಯ ಮಗುವಿಗೆ ಎಷ್ಟು ಸಲೀಸು! ಇದನ್ನು ಮಾಡಲು ಒಳ್ಳೆಯ ಕನ್ನಡ ಬಲ್ಲ ಪದವಿ ವಿದ್ಯಾರ್ಥಿ ಸಾಕು.

ಅಂದು ಬೇಸರದಿಂದ ಬಂದಿದ್ದ ಪರಿಚಿತರ ವಿಷಯ ಹೇಳಿ ಮುಗಿಸುತ್ತೇನೆ. ಅವರ ಮಗಳ ಹಳೆಯ ದಾಖಲೆ ಮರಳಿ ಸಿಗಲಿಲ್ಲ. ಸಹಪಾಠಿಗಳ ಬಳಿ ಉಳಿದಿದ್ದ ಟಿಪ್ಪಣಿಗಳನ್ನು ಒಟ್ಟು ಮಾಡಿಕೊಂಡು ಓದಿದಳು, ಪರೀಕ್ಷೆಯಲ್ಲಿ ಪಾಸೂ ಆದಳು. ಈ ವರ್ಷ ಮಗನನ್ನು ಇನ್ನೊಂದು ಕಡೆ ಸೇರಿಸಲು ಹೋದಾಗ ಅವರು ಅರ್ಜಿ ತುಂಬುವ ಮೊದಲೇ ಕೇಳಿದರಂತೆ: "ಹುಡುಗ ಬಿಟ್ಟು ಹೋಗೋವಾಗ ಅವನ ಓದೆಲ್ಲ ಅವನ ಕೈಗೆ ಕೊಡ್ತೀರಾ?" ಮೇಜಿನ ಆಚೆ ಕುಳಿತವರು ಸ್ವಲ್ಪ ಹೊತ್ತು ಯೋಚಿಸಿ, "ಇದುವರೆಗೆ ಇದನ್ನು ಯಾರೂ ಕೇಳಿರಲಿಲ್ಲ, ವಿಚಾರಿಸಿ ಹೇಳ್ತೀವಿ" ಎಂದರಂತೆ.

ಮುಂದಿನ ಸಲ ಕೇಳುವವರು ನೀವಾಗಬಹುದು.